ಬಿಗಿದು ಸಡಿಲವಾಗುವ ತಾಳ: ಲಿಟರ್ಜಿ ಬ್ಯಾಂಡಿನ ಸದ್ದು

ಡ್ರಮ್ಮನ್ನು ಸೆಕೆಂಡಿಗೆ 4 ಸಲ ಬಡಿದರೆ ಸುಲಭವಾಗಿ ಎಣಿಸಬಹುದು. 16 ಸಲ ಬಡಿದರೆ? ಎಣಿಕೆ ತಪ್ಪುತ್ತದೆ, ಆದರೂ ಹೊಡೆತಗಳು ಬಿಡಿಬಿಡಿಯಾಗಿಯೇ ಕೇಳುತ್ತವೆ. ಸುಮಾರು 20 ದಾಟಿತೋ, ಅವು ಒಂದಕ್ಕೊಂದು ಅಂಟಿಕೊಂಡು ಗುಂಯ್ ಎನ್ನುವ ಸ್ವರವಾಗತೊಡಗುತ್ತವೆ. ನಮ್ಮ ಕಿವಿಗೆ ತಾಳ ಮುಗಿದು ಸ್ವರ ಶುರುವಾಗುವುದು ಅಲ್ಲಿಯೇ. ಕಿರುಚು ದನಿಯ, ಅತಿ ವೇಗದ ರಾಕ್ ಪ್ರಕಾರವಾದ ಬ್ಲ್ಯಾಕ್ ಮೆಟಲ್‌ನ ವಾಸ ಈ ಗಡಿಯ ಪಕ್ಕದಲ್ಲಿ.

1990ರ ದಶಕದ ಆರಂಭದಲ್ಲಿ ನಾರ್ವೆಯಲ್ಲಿ ರೂಪ ತಳೆದ ಈ ಶೈಲಿಗೆ ಬ್ಲಾಸ್ಟ್ ಬೀಟ್, ಅಂದರೆ ಬಿಡುವಿಲ್ಲದೆ ಒಂದೇ ಸಮನೆ ಸುರಿಯುವ ಡ್ರಮ್ ಹೊಡೆತ, ಬೆನ್ನೆಲುಬು. ನಿಮಿಷಕ್ಕೆ 240 ಬೀಟ್, ಬೀಟಿಗೆ 4 ಹೊಡೆತ ಅಂದರೆ ಸೆಕೆಂಡಿಗೆ 16. ಆದರೆ ಎಷ್ಟೇ ವೇಗವಿರಲಿ, ಅದು ಒಂದೇ ಸಮನಾಗಿದ್ದರೆ ವೇಗ ಅನ್ನಿಸುವುದೇ ಇಲ್ಲ. ಮುಂದಿನ ಹೊಡೆತ ಯಾವಾಗ ಅಂತ ಮೆದುಳು ಮೊದಲೇ ಊಹಿಸಿರುತ್ತದೆ. ಊಹೆ ನಿಜವಾಗುತ್ತಾ ಹೋದಂತೆ ಗಮನ ಸಡಿಲವಾಗುತ್ತದೆ. ಜಡಿಮಳೆಯ ಸದ್ದು ಸ್ವಲ್ಪ ಹೊತ್ತಿಗೆ ಮರೆತೇ ಹೋಗುತ್ತದಲ್ವಾ, ಹಾಗೆ.

ನ್ಯೂಯಾರ್ಕಿನ ಬ್ರೂಕ್ಲಿನ್‌ನ ಬ್ಲ್ಯಾಕ್ ಮೆಟಲ್ ಬ್ಯಾಂಡ್ ಲಿಟರ್ಜಿ ಕೈ ಹಾಕಿದ್ದು ಇಲ್ಲಿಗೇ. ಹೇಲಾ ಹಂಟ್-ಹೆಂಡ್ರಿಕ್ಸ್ ಒಬ್ಬರೇ ಶುರು ಮಾಡಿದ ಈ ಬ್ಯಾಂಡಿನ ಮೊದಲ ಪೂರ್ಣ ಆಲ್ಬಮ್ 2009ರಲ್ಲಿ ಬಂತು. ಅದರಲ್ಲಿ ಡ್ರಮ್ಮರ್ ಗ್ರೆಗ್ ಫಾಕ್ಸ್ ನುಡಿಸಿದ್ದು ಬರ್ಸ್ಟ್ ಬೀಟ್. ಇದರ ವೇಗ ನಿಂತಲ್ಲಿ ನಿಲ್ಲುವುದಿಲ್ಲ, ಉಬ್ಬುತ್ತದೆ, ಇಳಿಯುತ್ತದೆ. ಸೆಕೆಂಡಿಗೆ 16 ಹೊಡೆತವಿದ್ದಾಗ ಎರಡರ ನಡುವಿನ ಬಿಡುವು ಸುಮಾರು 62 ಮಿಲಿಸೆಕೆಂಡು. 12ಕ್ಕೆ ಇಳಿದರೆ 83. ವ್ಯತ್ಯಾಸ ಕಣ್ಣು ಮಿಟುಕಿಸುವುದಕ್ಕಿಂತ ಚಿಕ್ಕದು. ಆದರೂ ಕಿವಿ ಅದನ್ನು ಹಿಡಿಯುತ್ತದೆ, ಊಹೆ ತಪ್ಪುತ್ತದೆ, ಗಮನ ಮತ್ತೆ ಎದ್ದು ಕೂರುತ್ತದೆ.

2015ರ ಆಲ್ಬಮ್ಮಿನಲ್ಲಿ ಕಿರುಚಾಟವೇ ಇರಲಿಲ್ಲ. ಬದಲಿಗೆ ಮಂತ್ರ ಹೇಳುವಂಥ ದನಿ, ಕಂಪ್ಯೂಟರಿನ ಕಹಳೆ, ಲೋಹದ ಪಟ್ಟಿಗಳನ್ನು ಬಡಿದು ನುಡಿಸುವ ಗ್ಲಾಕೆನ್‌ಸ್ಪೀಲ್, ಬ್ಯಾಗ್‌ಪೈಪ್. ಅಭಿಮಾನಿಗಳಲ್ಲಿ ಅನೇಕರು ಸಿಟ್ಟಾದರು. ನನಗೆ ಮಾತ್ರ ಅದು ಅವರ ಅತಿ ಧೈರ್ಯದ ಕೆಲಸ. ಕಿರುಚಾಟ ಒಂದು ಸ್ವರದಲ್ಲಿ ನಿಲ್ಲದೆ ಹತ್ತಾರು ಕಂಪನಗಳಲ್ಲಿ ಹರಡಿ, ಸಣ್ಣ ಸದ್ದುಗಳನ್ನೆಲ್ಲ ಮುಚ್ಚಿಬಿಡುತ್ತದೆ. ಅದನ್ನು ತೆಗೆದದ್ದರಿಂದ ಗ್ಲಾಕೆನ್‌ಸ್ಪೀಲ್‌ನ ತೆಳು ಟಿಣ್‌ಟಿಣ್‌ಗೂ ಜಾಗ ಸಿಕ್ಕಿತು.

2019ರಲ್ಲಿ ಕಿರುಚಾಟ ಮರಳಿತು, ಹಾರ್ಪ್ ಎಂಬ ತಂತಿವಾದ್ಯದ ಜೊತೆಗೆ. ಹೊಸ ಡ್ರಮ್ಮರ್ ಲಿಯೊ ಡಿಡ್‌ಕೋವ್ಸ್ಕಿ ಬಂದರು. ಗೀರು ಬಿದ್ದ ಸೀಡಿಯಂತೆ ಹಾಡು ತಡವರಿಸುವ, ತುಂಡಾಗುವ ಜಾಗಗಳೂ ಬಂದವು. ಊಹೆ ತಪ್ಪಿಸುವ, ಡ್ರಮ್ ಕೋಲು ಮಾಡುತ್ತಿದ್ದ ಕೆಲಸವನ್ನೇ ಈಗ ಎಡಿಟಿಂಗ್ ಕೂಡ ಮಾಡುತ್ತಿತ್ತು. 2023ರ ಜೋಡಿ ಆಲ್ಬಮ್ಮನ್ನು ರೆಕಾರ್ಡಿಂಗ್ ಎಂಜಿನಿಯರ್ ಸ್ಟೀವ್ ಆಲ್ಬಿನಿ ಷಿಕಾಗೋದ ತಮ್ಮ ಸ್ಟುಡಿಯೊದಲ್ಲಿ ರೆಕಾರ್ಡ್ ಮಾಡಿದರು. ಹೊಸಬರು ಇದರಿಂದಲೇ ಶುರು ಮಾಡಬಹುದು. ಗಿಟಾರನ್ನು ಸದ್ಯಕ್ಕೆ ಬಿಟ್ಟು, ಚಟಚಟ ಎನ್ನುವ ಚಿಕ್ಕ ಡ್ರಮ್ಮಾದ ಸ್ನೇರ್ ಒಂದನ್ನೇ ಹಿಂಬಾಲಿಸಿ.