ಬೋರ್ಡಿನಲ್ಲಿ ‘ಡಾ.’ ಇದ್ದರೆ ಸಾಕೇ?

ಪ್ರಶ್ನೆ: ನಮ್ಮ ಬೀದಿಯಲ್ಲಿ ಹೊಸ ಕ್ಲಿನಿಕ್ ಶುರುವಾಗಿದೆ. ಬೋರ್ಡಿನಲ್ಲಿ ಹೆಸರಿನ ಮೊದಲು ‘ಡಾ.’ ಇದೆ. ಎಂಬಿಬಿಎಸ್ ಆಗದವರಿಗೆ ಹಾಗೆ ಬರೆಸಿಕೊಳ್ಳಲು ಬಿಡುತ್ತಾರಾ?

ಬರೆಸುವಾಗ ತಡೆಯುವವರೇ ಇಲ್ಲ. ಎಷ್ಟು ಸಲ ಹೇಳಿದರೂ ಈ ಪ್ರಶ್ನೆ ಮತ್ತೆ ಬರುತ್ತದೆ, ಹಾಗಾಗಿ ಬಿಡಿಸಿಯೇ ಹೇಳುತ್ತೇನೆ. ‘ಡಾ.’ ಹಂಚುವ ಕಚೇರಿ ಎಂಬುದೊಂದು ಇಲ್ಲ. ದಂತವೈದ್ಯರು, ಆಯುರ್ವೇದ, ಹೋಮಿಯೋಪಥಿ ಓದಿದವರು, ಪಶುವೈದ್ಯರು, ಪಿಎಚ್‌ಡಿ ಮಾಡಿದ ಕನ್ನಡ ಮೇಷ್ಟ್ರು, ಎಲ್ಲರೂ ಅದನ್ನು ಹಾಕಿಕೊಳ್ಳುತ್ತಾರೆ. ಅವರು ಮಾಡುವುದು ತಪ್ಪೂ ಅಲ್ಲ. ಫಿಸಿಯೋಥೆರಪಿಸ್ಟರು ಹಾಕಬಾರದು ಎಂದು ಕೇಂದ್ರ ಆರೋಗ್ಯ ಸೇವೆಗಳ ಮಹಾನಿರ್ದೇಶನಾಲಯ 2025ರ ಸೆಪ್ಟೆಂಬರ್‌ನಲ್ಲಿ ಪತ್ರ ಹೊರಡಿಸಿ, ಮರುದಿನವೇ ಹಿಂತೆಗೆದುಕೊಂಡಿತು. ಇನ್ನು ಬೋರ್ಡ್ ಬರೆಯುವವರು ಪ್ರಮಾಣಪತ್ರ ಕೇಳುವುದಿಲ್ಲ, ಹೇಳಿದ್ದನ್ನು ಬರೆಯುತ್ತಾರೆ.

‘ಹತ್ತು ವರ್ಷದಿಂದ ಇಲ್ಲೇ ಇದ್ದಾರೆ, ಸುಳ್ಳಾಗಿದ್ದರೆ ಯಾರೂ ಹಿಡಿಯುತ್ತಿರಲಿಲ್ಲವೇ’ ಎಂದು ವಾದಿಸುವವರಿದ್ದಾರೆ. ಇಲ್ಲ ಸ್ವಾಮಿ, ಹಿಡಿಯಬೇಕಾದರೆ ಮೊದಲು ಯಾರಾದರೂ ನೋಡಬೇಕು, ದೂರು ಕೊಡಬೇಕು. ಕಾನೂನು ಕಾಯುವುದು ‘ಡಾ.’ ಎಂಬುದನ್ನಲ್ಲ, ನೋಂದಣಿಯನ್ನು. ರಾಷ್ಟ್ರೀಯ ವೈದ್ಯಕೀಯ ಆಯೋಗದ 2019ರ ಕಾಯ್ದೆಯಂತೆ ನೋಂದಣಿಯಿಲ್ಲದೆ ಎಂಬಿಬಿಎಸ್ ವೈದ್ಯರಂತೆ ಚಿಕಿತ್ಸೆ ಮಾಡಿದರೆ 1 ವರ್ಷದವರೆಗೆ ಜೈಲು ಅಥವಾ 5 ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಆದರೆ ಅದು ಸಾಬೀತಾದ ಮೇಲಿನ ಮಾತು. ಹತ್ತು ವರ್ಷ ಯಾರೂ ಕೇಳಲಿಲ್ಲ ಎಂದರೆ ಕೇಳಲಿಲ್ಲ ಎಂದಷ್ಟೇ ಅರ್ಥ.

ಹಾಗಾದರೆ ನೋಡುವುದೇನು? ಔಷಧಿ ಚೀಟಿಯ ತಲೆಭಾಗ ನೋಡಿ. ಹೆಸರು, ಅದರ ಕೆಳಗೆ ಪದವಿ, ಅದರ ಕೆಳಗೆ ಸಣ್ಣಕ್ಷರದಲ್ಲಿ ‘ಕೆಎಂಸಿ ನಂ.’ ಎಂದು ಒಂದು ಸಂಖ್ಯೆ ಇರಬೇಕು. ಅದು ಕರ್ನಾಟಕ ವೈದ್ಯಕೀಯ ಪರಿಷತ್ತಿನ ನೋಂದಣಿ ಸಂಖ್ಯೆ. ಕ್ಲಿನಿಕ್ಕಿನ ಗೋಡೆ, ಚೀಟಿ, ಪ್ರಮಾಣಪತ್ರ, ಹಣದ ರಸೀದಿ, ಎಲ್ಲದರಲ್ಲೂ ಅದು ಕಾಣಬೇಕೆಂದು ವೈದ್ಯರ ನಡತೆಗೆ ಸಂಬಂಧಿಸಿದ 2002ರ ನಿಯಮಗಳೇ ಹೇಳುತ್ತವೆ. 2023ರಲ್ಲಿ ಬಂದ ಹೊಸ ನಿಯಮಗಳನ್ನು ಅದೇ ತಿಂಗಳು ತಡೆಹಿಡಿದರು, ಹಾಗಾಗಿ ಹಳೆಯದೇ ನಡೆಯುತ್ತಿದೆ. ಸಂಖ್ಯೆ ಸಿಕ್ಕರೆ ಪರಿಷತ್ತಿನ ವೆಬ್‌ಸೈಟಿನಲ್ಲಿ ಹುಡುಕಿ, ಹೆಸರು ತಾಳೆಯಾಗುತ್ತದೆಯೇ ನೋಡಿ. ದಂತವೈದ್ಯರಿಗೆ, ಆಯುರ್ವೇದದವರಿಗೆ, ಹೋಮಿಯೋಪಥಿಯವರಿಗೆ ಅವರವರ ಮಂಡಳಿಯ ಸಂಖ್ಯೆ ಇರುತ್ತದೆ. ಬೋರ್ಡಿನಲ್ಲಿರುವ ಕೆಪಿಎಂಇ ಸಂಖ್ಯೆ ಬೇರೆ: ಅದು ಖಾಸಗಿ ಆಸ್ಪತ್ರೆ, ಕ್ಲಿನಿಕ್ಕುಗಳ ನೋಂದಣಿ, ಒಳಗೆ ಕೂತವರದ್ದಲ್ಲ. ಎರಡನ್ನೂ ಒಂದೇ ಎಂದುಕೊಳ್ಳಬೇಡಿ.

ಯಾರೂ ಕೇಳದ ಇನ್ನೊಂದು ಪ್ರಶ್ನೆ ಇದೆ, ನನಗೆ ಹೆಚ್ಚು ಚಿಂತೆ ಅದರದ್ದೇ. ಡಾಕ್ಟರು ನಿಜವಾದ ಡಾಕ್ಟರೇ, ಆದರೆ ‘ತಜ್ಞರು’ ಎಂದು ಬರೆದದ್ದು ನಿಜವೇ? ಆ ವಿಭಾಗದಲ್ಲಿ ವಿಶೇಷ ಅರ್ಹತೆ ಇಲ್ಲದೆ ತಜ್ಞ ಎಂದು ಹೇಳಿಕೊಳ್ಳಬಾರದು ಎಂದು ಅದೇ ನಿಯಮಗಳಲ್ಲಿದೆ. ಕೆಲವು ತಿಂಗಳ ಸರ್ಟಿಫಿಕೇಟ್ ಕೋರ್ಸ್ ಮುಗಿಸಿ ‘ಸಕ್ಕರೆ ಕಾಯಿಲೆ ತಜ್ಞರು’ ಎಂದು ಬೋರ್ಡ್ ಹಾಕಿದರೆ ಆ ಕೋರ್ಸು ಎಂ.ಡಿ.ಗೆ ಸಮನಾಗುವುದಿಲ್ಲ. ಎಂ.ಡಿ. ಎಂದಷ್ಟೇ ಇದ್ದರೂ ಯಾವುದರಲ್ಲಿ ಎಂದು ಕೇಳಿ. ಜನರಲ್ ಮೆಡಿಸಿನ್‌ನಲ್ಲೂ ಎಂ.ಡಿ. ಇದೆ, ಪೆಥಾಲಜಿಯಲ್ಲೂ ಇದೆ, ಆಯುರ್ವೇದದಲ್ಲೂ ಇದೆ. ‘ಸರ್, ನಿಮ್ಮ ಎಂ.ಡಿ. ಯಾವುದರಲ್ಲಿ?’ ಎಂದು ಕೇಳಿದರೆ ಅಗೌರವವಾಗುವುದಿಲ್ಲ. ಓದಿದವರು ಸಂತೋಷದಿಂದಲೇ ಹೇಳುತ್ತಾರೆ.