ಅಲಗಿಗೊಂದು ಊರು, ಹಿಡಿಗೊಂದು ಊರು

"ಇದು ಜರ್ಮನ್ ಕತ್ತಿ ಸರ್, ಸೋಲಿಂಗೆನ್ ಅಂತ ಬರೆದೇ ಇದೆಯಲ್ಲ?"

ಯಾವ ದೇಶದ್ದು ಅಂತ ತಿಳಿಯಲು ನನ್ನ ಹತ್ತಿರ ಹಳೆಯ ಮಿಲಿಟರಿ ಕತ್ತಿ ತರುವವರಲ್ಲಿ ಹೀಗೆ ಹೇಳುವವರೇ ಜಾಸ್ತಿ. ಸೋಲಿಂಗೆನ್ ಜರ್ಮನಿಯ ಊರು, ನಿಜ. ಆದರೆ ಅಲ್ಲಿನ ಕುಶಲಕರ್ಮಿಗಳು ಎಷ್ಟೋ ದೇಶಗಳ ಸೈನ್ಯಕ್ಕೆ ಅಲಗು ಮಾಡಿ ಮಾರಿದವರು. ಅಲಗು ಹುಟ್ಟಿದ್ದೆಲ್ಲಿ ಅಂತ ಆ ಹೆಸರು ಹೇಳುತ್ತದೆ. ಕತ್ತಿ ಯಾರ ಸೊಂಟದಲ್ಲಿತ್ತು ಅನ್ನುವುದು ಬೇರೆ ಪ್ರಶ್ನೆ. ನಮಗೆ ಫಿರಂಗಿ ಎಂದರೆ ತೋಪು, ಅಲ್ವಾ? ಕತ್ತಿ ಬಲ್ಲವರಿಗೆ ಅದು ಯುರೋಪಿನ ಅಲಗಿಗೆ ಭಾರತದ ಹಿಡಿ ಕೂಡಿಸಿದ ಕತ್ತಿಯ ಹೆಸರೂ ಹೌದು.

ಹಾಗಾಗಿ ನಾನು ಅಲಗು, ಹಿಡಿ, ಒರೆ ಮೂರನ್ನೂ ಬೇರೆ ಬೇರೆಯಾಗಿ ನೋಡುತ್ತೇನೆ. ಆಮೇಲೆ ಒಂದರ ಮಾತು ಇನ್ನೊಂದಕ್ಕೆ ಹೊಂದುತ್ತದಾ ಅಂತ ಪರೀಕ್ಷೆ.

ಆಕಾರ ನೋಡಿ ಹೇಳುವುದು ಕಷ್ಟ. ಬ್ರಿಟನ್ನಿನ 1796ರ ಮಾದರಿಯ ಲಘು ಅಶ್ವದಳದ ಕತ್ತಿಗೆ ರಿಕಾಪಿನ ಆಕಾರದ ಕೈಗಾವಲು, ಅಂದರೆ ಹಿಡಿ ಹಿಡಿದ ಕೈಯನ್ನು ಕಾಯುವ ಲೋಹದ ಭಾಗ. ಪ್ರಷ್ಯಾ ಅನ್ನುವ ಹಳೆಯ ಜರ್ಮನ್ ರಾಜ್ಯದವರು ಅದನ್ನೇ ಅನುಸರಿಸಿ 1811ರ ಮಾದರಿ ಮಾಡಿಕೊಂಡರು. ಎರಡನ್ನೂ ಪಕ್ಕಪಕ್ಕ ಇಟ್ಟರೆ ಪಳಗಿದವರೂ ತಡವರಿಸುತ್ತಾರೆ. ಆಗ ಸಣ್ಣ ಮುದ್ರೆಗಳೇ ಗತಿ. ಕಿರೀಟದ ಕೆಳಗೆ ಅಂಕಿ ಇದ್ದರೆ ನನ್ನ ಊಹೆ ಬ್ರಿಟನ್ ಕಡೆ ವಾಲುತ್ತದೆ, ಹಳೆ ಜರ್ಮನ್ ಲಿಪಿಯ ಅಕ್ಷರ ಇದ್ದರೆ ಪ್ರಷ್ಯಾ ಕಡೆ. ಇನ್ನೊಂದು, 1796 ಅನ್ನುವುದು ಮಾದರಿ ಒಪ್ಪಿಗೆಯಾದ ವರ್ಷ. ನಿಮ್ಮ ಕತ್ತಿ ಎಷ್ಟೋ ವರ್ಷ ಆದಮೇಲೆ ತಯಾರಾಗಿರಬಹುದು.

ಅಲಗಿನ ಬೆನ್ನನ್ನು, ಅಂದರೆ ಹರಿತವಿಲ್ಲದ ದಪ್ಪ ಅಂಚನ್ನು, ಯಾರೂ ನೋಡುವುದಿಲ್ಲ. ನಾನು ಮೊದಲು ಟಾರ್ಚ್ ಬಿಡುವುದೇ ಅಲ್ಲಿಗೆ, ಬೆಳಕು ಓರೆಯಾಗಿ ಬೀಳುವ ಹಾಗೆ. 19ನೇ ಶತಮಾನದ ಫ್ರೆಂಚ್ ಕತ್ತಿಯಾದರೆ ಕ್ಲಿಂಗೆಂಥಾಲ್ ಅಥವಾ ಶಾಟೆಲ್ರೋ ಕಾರ್ಖಾನೆಯ ಹೆಸರು, ತಯಾರಾದ ತಿಂಗಳು, ವರ್ಷ ಎಲ್ಲ ಅಲ್ಲೇ ಸಿಗುವುದುಂಟು. ಕತ್ತಿ ತಯಾರಿಸುತ್ತಿದ್ದ ಲಂಡನ್ನಿನ ವಿಲ್ಕಿನ್ಸನ್ ಕಂಪನಿ 1854ರಿಂದ ಅಧಿಕಾರಿಗಳ ಕತ್ತಿಯ ಬೆನ್ನಿಗೆ ಕ್ರಮಸಂಖ್ಯೆ ಹಾಕುತ್ತ ಬಂತು, ಅದರ ದಾಖಲೆ ಪುಸ್ತಕಗಳೂ ಉಳಿದಿವೆ. ಅದೇ ಕಂಪನಿಯ ಅಲಗಿನ ಬುಡದಲ್ಲಿ ಆರು ಮೂಲೆಯ ನಕ್ಷತ್ರ ಕಂಡರೆ ಗುಪ್ತ ಸಂಘದ ಗುರುತು ಅಂತ ಕಥೆ ಕಟ್ಟಬೇಡಿ. ಅಲಗು ಪರೀಕ್ಷೆಯಲ್ಲಿ ಪಾಸಾಗಿದೆ ಅನ್ನುವುದರ ಗುರುತು ಅದು, ಅಷ್ಟೇ.

ಒರೆ ಬದಲಾಗುವುದು ಮಾಮೂಲು. ಸಿಪಾಯಿ ಕತ್ತಿಯಾದರೆ ಒರೆಯ ಮೇಲಿನ ಸಂಖ್ಯೆ, ಕೈಗಾವಲಿನ ಸಂಖ್ಯೆ ಎರಡೂ ಒಂದೇನಾ ನೋಡಿ.

ಸೋಲಿಂಗೆನ್ ಕತ್ತಿ ತಂದವರ ವಿಷಯಕ್ಕೆ ಬರುತ್ತೇನೆ. ಹಿತ್ತಾಳೆಯ ಕೈಗಾವಲಿನಲ್ಲಿ, ಬಳ್ಳಿಯಂಥ ಕಂಬಿಗಳ ನಡುವೆ ವಿ.ಆರ್. ಅಂತಿತ್ತು. ವಿಕ್ಟೋರಿಯಾ ರಾಣಿಯ ಮೊದಲಕ್ಷರ, ಅಂದರೆ 1837ರಿಂದ 1901ರ ಒಳಗಿನ ಬ್ರಿಟಿಷ್ ಪದಾತಿ ಅಧಿಕಾರಿಯ ಕತ್ತಿ. ಅಲಗು ಮಾತ್ರ ಜರ್ಮನಿಯದು. ಇಂಥ ಕತ್ತಿಯಲ್ಲಿ ಮಾರಿದ ಅಂಗಡಿಯ ಹೆಸರೂ ಅಲಗಿನ ಮೇಲೆ ಇರುವುದುಂಟು. ಅದಕ್ಕೇ ಇನ್ನೊಂದು ಮಗ್ಗುಲಿಗೆ ಟಾರ್ಚ್ ಹಿಡಿದೆ. ಕನ್ನಡಿಯ ಹಾಗೆ ಹೊಳೆಯುತ್ತಿತ್ತು, ಒಂದಕ್ಷರವೂ ಇಲ್ಲ.

"ತುಕ್ಕಿತ್ತು ಸರ್, ನಿನ್ನೆ ಚೆನ್ನಾಗಿ ಉಜ್ಜಿಸಿಕೊಂಡು ತಂದೆ" ಅಂದರು.