ಕತ್ತರಿ ಕೈಗೆ ಬಂತು, ಸಸಿ ಬರಬೇಕಲ್ಲ

ಕಾಸರಗೋಡಿನ ಬದಿಯಡ್ಕದಲ್ಲಿ ನಮ್ಮ ನೆರೆಮನೆಯ ಹುಡುಗಿ ಬಿಎಸ್ಸಿ ಮುಗಿಸಿದ್ದಾಳೆ. ಮೊನ್ನೆ ಅಡಿಕೆ ಸುಲಿಯುತ್ತಾ ಕೇಳಿದಳು: "ಮಾವ, ಜೀನ್ ಎಡಿಟಿಂಗ್ ಕಲಿತರೆ ಕೆಲಸ ಉಂಟಾ?"

ಉಂಟು. ಆದರೆ ಹೆಚ್ಚಿನ ಕೆಲಸ ಇರುವುದು ಎಡಿಟಿಂಗ್‌ನಲ್ಲಿ ಅಲ್ಲ, ಅದರ ಹಿಂದೆ ಮುಂದೆ.

ಜೀನ್ ತಿದ್ದುವ ಕ್ರಿಸ್ಪರ್ ಎಂಬ ಕತ್ತರಿಯನ್ನು 2012ರಲ್ಲಿ ತೋರಿಸಿಕೊಟ್ಟ ಜೆನಿಫರ್ ಡೌಡ್ನಾ, ಎಮಾನ್ಯುಯೆಲ್ ಶಾರ್ಪಾಂಟ್ಯೆ ಇಬ್ಬರಿಗೂ 2020ರಲ್ಲಿ ನೊಬೆಲ್ ಬಂತು. ಸುಮಾರು 20 ಅಕ್ಷರದ ಆರ್‌ಎನ್‌ಎ ತುಣುಕು ಎಲ್ಲಿ ಕತ್ತರಿಸಬೇಕೆಂಬ ವಿಳಾಸ ಹೇಳುತ್ತದೆ. ಕ್ಯಾಸ್9 ಎಂಬ ಪ್ರೋಟೀನ್ ಅಲ್ಲಿ ಡಿಎನ್‌ಎ ಕತ್ತರಿಸುತ್ತದೆ. ಜೀವಕೋಶ ಅದನ್ನು ಪುನಃ ಜೋಡಿಸುವಾಗ ಒಂದೆರಡು ಅಕ್ಷರ ತಪ್ಪುತ್ತದೆ, ಆ ಜೀನ್ ಬಂದ್. ವಿಳಾಸ ಬರೆಯಲು ಚುರುಕಾದ ಮಕ್ಕಳು ಬೇಗ ಕಲಿಯುತ್ತಾರೆ.

ಭತ್ತದಲ್ಲಿ ಇದು ಕೈಗೂಡಿದೆ. 2025ರ ಮೇ ತಿಂಗಳಲ್ಲಿ ಹೀಗೆ ತಿದ್ದಿದ ಎರಡು ತಳಿಗಳನ್ನು ನಮ್ಮ ದೇಶ ಪ್ರಕಟಿಸಿತು. ಅದರಲ್ಲಿ ಸಾಂಬಾ ಮಸೂರಿಯಿಂದ ಬಂದ 'ಕಮಲಾ' ಹೈದರಾಬಾದಿನ ಭತ್ತ ಸಂಶೋಧನಾ ಸಂಸ್ಥೆಯದು.

ತೆಂಗಿನ ಸಂಗತಿ ಬೇರೆ. ತಿದ್ದುವುದು ಜೀವಕೋಶವನ್ನು, ಬೇಕಾದ್ದು ಸಸಿ. ಬಾಟಲಿಯಲ್ಲಿಟ್ಟ ತೆಂಗಿನ ಗಿಡದ ತುಣುಕು ಬೇಗ ಕಂದು ಬಣ್ಣಕ್ಕೆ ತಿರುಗಿ ಸಾಯುತ್ತದೆ. ಅದಕ್ಕೇ ಇದ್ದಿಲ ಪುಡಿ ಬೆರೆಸಿದ, ಡಿಕಾಕ್ಷನ್‌ನಷ್ಟು ಕಪ್ಪಾದ ಆಹಾರದಲ್ಲಿ ಇಡುತ್ತಾರೆ. ಮತ್ತೆ ಮತ್ತೆ ಹೊಸ ಬಾಟಲಿಗೆ ದಾಟಿಸಬೇಕು. ತಿಂಗಳುಗಟ್ಟಲೆ ಕಾಯಬೇಕು. ಇನ್ನೊಂದು ತೊಡಕು: ಕ್ಯಾಸ್9 ಪ್ರೋಟೀನ್ ಕೋಶದಲ್ಲೇ ತಯಾರಾಗಲೆಂದು ಒಳಗೆ ಸೇರಿಸಿದ ಕ್ಯಾಸ್9 ಜೀನನ್ನು ಕೊನೆಗೆ ಹೊರಹಾಕಬೇಕಲ್ವಾ? ಭತ್ತದಲ್ಲಿ ಮುಂದಿನ ಬೆಳೆಯಲ್ಲೇ ಅದಿಲ್ಲದ ಗಿಡ ಆರಿಸಬಹುದು. ಎತ್ತರದ ತೆಂಗು ಹೂ ಬಿಡಲಿಕ್ಕೇ ಐದಾರು ವರ್ಷ! ಜೀನ್ ಸೇರಿಸದೆ ಪ್ರೋಟೀನನ್ನೇ ನೇರ ಕೋಶಕ್ಕೆ ಕೊಡುವ ದಾರಿ ಇದೆ. ಅಲ್ಲೂ ಒಂಟಿ ಕೋಶದಿಂದ ಸಸಿ ಎಬ್ಬಿಸಬೇಕು. ಈ ಗಂಟು ಬಿಡಿಸುವವರು ಬೇಕು, ಜಾಸ್ತಿ ಬೇಕು.

ತೆಂಗಿನ ತಳಿ ಸುಧಾರಿಸುವ ಕೆಲಸ ನಮ್ಮೂರಿಗೆ ಹೊಸದೇನಲ್ಲ. 1930ರ ದಶಕದಲ್ಲಿ ನೀಲೇಶ್ವರದಲ್ಲಿ ಎತ್ತರದ ತೆಂಗಿಗೂ ಗಿಡ್ಡ ತೆಂಗಿಗೂ ಕ್ರಾಸ್ ಮಾಡಿದ್ದರು. 1916ರಲ್ಲಿ ತೆಂಗಿನ ಕೇಂದ್ರವಾಗಿ ಶುರುವಾದದ್ದು ಇಂದಿನ ಸಿಪಿಸಿಆರ್‌ಐ, ಅಂದರೆ ಕಾಸರಗೋಡಿನ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆ. ಪೆರಿಯದ ಕೇಂದ್ರೀಯ ವಿಶ್ವವಿದ್ಯಾಲಯದಲ್ಲಿ ಜೀನೋಮಿಕ್ ಸೈನ್ಸ್ (ಜೀವಿಯ ಇಡೀ ಡಿಎನ್‌ಎಯ ಅಧ್ಯಯನ) ವಿಭಾಗವೇ ಇದೆ. ಎಂಎಸ್ಸಿ ಮಾಡಿ ಸಿಎಸ್‌ಐಆರ್-ಯುಜಿಸಿ ನೆಟ್ ಪರೀಕ್ಷೆಯಲ್ಲಿ ಜೆಆರ್‌ಎಫ್ (ಕಿರಿಯ ಸಂಶೋಧಕರ ಫೆಲೋಶಿಪ್) ಪಡೆದು ಪಿಎಚ್‌ಡಿಗೆ ಸೇರಿದರೆ ತಿಂಗಳಿಗೆ 37,000 ರೂಪಾಯಿ ಫೆಲೋಶಿಪ್. ಅದು 2023ರಿಂದ ಇರುವ ದರ. ಸುಮ್ನೆ ಸಿಗುವುದಿಲ್ಲ, ಗಟ್ಟಿಯಾಗಿ ಓದಬೇಕು. ಕನ್ನಡ ಮಾಧ್ಯಮದಲ್ಲಿ ಓದಿದ ನಮ್ಮ ಮಕ್ಕಳು ಇಂಗ್ಲಿಷಿಗೆ ಹೆದರಿ ಹಿಂದೆ ಸರಿದರೆ ನನಗೆ ಸಂಕಟವಾಗುತ್ತದೆ.

ಕತ್ತರಿಗಿಂತ ಮೊದಲಿನ ಕೆಲಸವೂ ಒಂದಿದೆ. ಎಲ್ಲಿ ಕತ್ತರಿಸಬೇಕು ಅಂತ ಗೊತ್ತಾಗಬೇಕು. ಸಂಪಾಜೆ ಕಡೆ ಹಳದಿ ರೋಗದಲ್ಲಿ ಅಡಿಕೆ ತೋಟಗಳೇ ಹೋಗಿವೆ. ಅಂಥ ತೋಟದ ನಡುವೆ ಹಸಿರಾಗಿಯೇ ನಿಂತ ಮರವನ್ನು ವಿಜ್ಞಾನಿಗಳು ಹುಡುಕುತ್ತಾರೆ. ಅದಕ್ಕೆ ಯಾಕೆ ರೋಗ ತಗಲಲಿಲ್ಲ, ಅದರ ಡಿಎನ್‌ಎಯಲ್ಲಿ ಬೇರೆ ಏನಿದೆ? ಹುಡುಕಾಟ ಅಲ್ಲಿಂದ ಶುರು.

ಹುಡುಗಿ ಕೈಯಲ್ಲಿದ್ದ ಅಡಿಕೆ ಕೆಳಗಿಟ್ಟಳು. "ಸಂಪಾಜೆಯ ಅಜ್ಜನ ಮನೆಯಲ್ಲಿ ತೋಡಿನ ಬದಿಗೆ ಅಂಥ ಎರಡು ಮರ ಉಂಟು ಮಾವ."